ಸೊಪ್ಪಿನ ಕಾಲಕ್ಕೇ ಬರುವ ಜ್ವರ

ಡಿಸೆಂಬರ್ ಬಂತೆಂದರೆ ಮಲೆನಾಡಿನಲ್ಲಿ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ. ಅಡಿಕೆ ಕೊಯ್ಲು ಒಂದು, ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು, ಅಂದರೆ ಒಣ ಸೊಪ್ಪು, ತರುವುದು ಇನ್ನೊಂದು. ಎಲೆ ಉದುರುವ ಈ ದಿನಗಳಲ್ಲೇ ಕಾಡಿನ ನೆಲದಲ್ಲಿ ಉಣುಗಿನ (ರಕ್ತ ಹೀರುವ ಉಣ್ಣೆಯ) ಮರಿಗಳೂ ಜಾಸ್ತಿ. ಎಷ್ಟು ಸಣ್ಣವು ಅಂದರೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮಂಗನ ಕಾಯಿಲೆ ಜನರಿಗೆ ಬರುವುದು ಹೆಚ್ಚಾಗಿ ಇವುಗಳಿಂದ. ಈ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಈ ಕಾಯಿಲೆಯ ಖರ್ಚಿನ ಲೆಕ್ಕವನ್ನು ನಾವು ಅರ್ಧಕ್ಕೇ ಬಿಟ್ಟಿದ್ದೇವೆ ಅಂತ ನನಗೆ ಅನ್ನಿಸುತ್ತದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗಳ ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾರಣ ಹುಡುಕಿದರು. ಪುಟ್ಟ ಊರಿನ ಹೆಸರು ಕಾಯಿಲೆಗೇ ಅಂಟಿಕೊಂಡು, ಮಂಗನ ಕಾಯಿಲೆ ವೈದ್ಯರ ಬಾಯಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಆಯಿತು. ಆಮೇಲೆ ಇದು ಬೆಳ್ತಂಗಡಿ, ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಕಾಣಿಸಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಸಾವುಗಳಾದಾಗ ಇಡೀ ರಾಜ್ಯವೇ ಈ ಕಡೆ ನೋಡಿತು.

ಸರ್ಕಾರದ ಪಟ್ಟಿಯಲ್ಲಿ ಇರುವುದು ಎಷ್ಟು ಜನಕ್ಕೆ ಪಾಸಿಟಿವ್ ಬಂತು, ಎಷ್ಟು ಜನ ತೀರಿಕೊಂಡರು ಅನ್ನುವುದು. ಸಾಮಾನ್ಯವಾಗಿ ಈ ಜ್ವರದಲ್ಲಿ 100ರಲ್ಲಿ 3ರಿಂದ 5 ಜನ ಸಾಯುತ್ತಾರೆ. ಉಳಿದವರು ಗುಣವಾದರು ಅಂತ ಬರೆದು ಮುಗಿಸುತ್ತೇವೆ. ಅವರ ಮನೆಗೆ ಹೋಗಿ ನೋಡಿದರೆ ಬೇರೆ ಲೆಕ್ಕವೇ ಕಾಣುತ್ತದೆ.

ಜ್ವರ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ, ಮೈಕೈ ನೋವಿಗೆ ಮಗ್ಗುಲು ಬದಲಿಸಲೂ ಆಗುವುದಿಲ್ಲ. ಕೆಲವರಿಗೆ ರಕ್ತಸ್ರಾವ. ಇನ್ನು ಕೆಲವರಿಗೆ ಜ್ವರ ಬಿಟ್ಟಿತು ಅನ್ನುವಷ್ಟರಲ್ಲಿ ಒಂದೆರಡು ವಾರಕ್ಕೆ ಮತ್ತೆ ಬಂದು ಮಿದುಳಿಗೆ ತೊಂದರೆ ಮಾಡುತ್ತದೆ. ವೈರಸ್ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ ಹಾಕಿ, ಜ್ವರ ಇಳಿಸಿ, ಪ್ಲೇಟ್‌ಲೆಟ್ ನೋಡುತ್ತಾ ಕಾಯಬೇಕು. ಸುಸ್ತು ವಾರಗಟ್ಟಲೆ ಬಿಡುವುದಿಲ್ಲ. ಕೂಲಿ ದಿನಕ್ಕೆ 500 ರೂಪಾಯಿ ಅಂತಲೇ ಇಟ್ಟುಕೊಳ್ಳಿ. ರೋಗಿಗೆ 30 ದಿನ ಕೆಲಸವಿಲ್ಲ, ಜೊತೆಗಿದ್ದು ನೋಡಿಕೊಂಡವರಿಗೆ 12 ದಿನ ಇಲ್ಲ. ಅಲ್ಲಿಗೇ 21,000 ರೂಪಾಯಿ ಹೋಯಿತು. ಅದೂ ವರ್ಷದಲ್ಲಿ ಕೈಗೆ ಕಾಸು ಸಿಗುವ ಕೊಯ್ಲಿನ ಕಾಲದಲ್ಲಿ! ಆಸ್ಪತ್ರೆ ಬಿಲ್ ಪೂರ್ತಿ ಮಾಫಿಯಾದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದವರ ಬಸ್ಸು, ಊಟ, ಅಲ್ಲಿ ಉಳಿಯುವ ಖರ್ಚು ಬೇರೆ. ಮನೆಯಲ್ಲಿ ಹಾಲು ಕರೆಯುವವರಿಲ್ಲ ಅಂತ ಹಸು ಮಾರಿದವರನ್ನೂ ನೋಡಿದ್ದೇನೆ.

ಒಮ್ಮೆ ಹಳ್ಳಿಯೊಂದರ ಸಭೆಯಲ್ಲಿ, ಈ ನಾಲ್ಕು ತಿಂಗಳು ಕಾಡಿಗೆ ಹೋಗಬೇಡಿ ಅಂತ ಹೇಳುತ್ತಿದ್ದೆ. ಹಿಂದೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. "ಡಾಕ್ಟ್ರೇ, ಸೊಪ್ಪು ತರದಿದ್ರೆ ಗೊಬ್ಬರ ಎಲ್ಲಿಂದ? ಗೊಬ್ಬರ ಇಲ್ದಿದ್ರೆ ತೋಟ ಹೆಂಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಡಿಗೆ ಹೋಗಬೇಡಿ ಅನ್ನುವ ಸಲಹೆಗೂ ಬೆಲೆ ಇದೆ. ಆ ಬೆಲೆಯನ್ನು ಪೂರ್ತಿ ಅವರೇ ಕೊಡಬೇಕು ಅನ್ನುವುದು ನ್ಯಾಯ ಅಲ್ಲ, ಅಲ್ವಾ? ಕೊಟ್ಟಿಗೆಗೆ ಹಾಸಲು ಹುಲ್ಲನ್ನೋ ಅಡಿಕೆ ಸಿಪ್ಪೆಯನ್ನೋ ಈ ಊರುಗಳಿಗೆ ತಲುಪಿಸಬಹುದು. ಕೂಲಿ ತಪ್ಪಿದ ದಿನಗಳಿಗೆ ಪರಿಹಾರ ಕೊಡಬಹುದು. ಒಬ್ಬ ರೋಗಿಯನ್ನು ಐಸಿಯುನಲ್ಲಿ ಇಡುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಇನ್ನೊಂದು ನಷ್ಟ ದುಡ್ಡಿನದಲ್ಲ. ಕಾಯಿಲೆ ಬಂದ ಊರಿಗೆ ನೆಂಟರು ಬರುವುದನ್ನು ನಿಲ್ಲಿಸುತ್ತಾರೆ. ಮದುವೆ ಮಾತುಕತೆ ಮುಂದಕ್ಕೆ ಹೋಗುತ್ತದೆ. ಆದರೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಪಕ್ಕ ಕೂತು ಊಟ ಮಾಡಿದರೆ ಏನೂ ಆಗುವುದಿಲ್ಲ. ಪಾಪ, ಮಂಗದ ಮೇಲೂ ಸುಮ್ನೆ ಸಿಟ್ಟು. ಅದೂ ಇದೇ ಜ್ವರದಿಂದ ಸಾಯುತ್ತದೆ. ಸತ್ತ ಮಂಗದ ಮೈಯಿಂದ ಉಣುಗು ಕೆಳಗೆ ಇಳಿಯುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಕ್ಷಣ ತಿಳಿಸಿ ಅಂತ ಕೇಳುವುದು. ನಮ್ಮ ಊರಿಗೂ ಕೆಟ್ಟ ಹೆಸರು ಬರುತ್ತದೆ ಅಂತ ಸುಮ್ಮನಿದ್ದುಬಿಟ್ಟವರಿದ್ದಾರೆ. ಅಂಥ ಕಡೆ ನಮಗೆ ಸುದ್ದಿ ಸಿಗುವುದು ಜ್ವರದ ರೋಗಿ ಬಂದಮೇಲೆ.

ಲಸಿಕೆಯ ವಿಷಯಕ್ಕೆ ಬರುತ್ತೇನೆ. ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಮತ್ತೆ 6ರಿಂದ 9 ತಿಂಗಳೊಳಗೆ ಒಂದು ಸಲ, ಆಮೇಲೆ ವರ್ಷ ವರ್ಷವೂ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಎರಡನೇ ಸಲಕ್ಕೇ ಜನ ಕಡಿಮೆಯಾಗುತ್ತಿದ್ದರು. ಅವರಿಗೆ ತಿಳುವಳಿಕೆ ಇಲ್ಲ ಅಂತ ನಾವು ಅಂದುಕೊಂಡೆವು. ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಅಂತ 2022ರಲ್ಲಿ ಅದನ್ನು ಕೊಡುವುದೂ ನಿಂತಿತು. ಈಗ ಹೊಸ ಲಸಿಕೆಯ ಕೆಲಸ ನಡೆದಿದೆ. ಸದ್ಯಕ್ಕೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಇಷ್ಟೇ.

ಹೊಸ ಲಸಿಕೆ ಬಂದಾಗ ಕ್ಯಾಂಪನ್ನು ಬೆಳಗ್ಗೆ ಹತ್ತು ಗಂಟೆಗೆ ಇಡಬೇಡಿ ಅಂತ ನನ್ನ ಇಲಾಖೆಯವರನ್ನು ಕೇಳಿಕೊಳ್ಳುತ್ತೇನೆ. ಹತ್ತು ಗಂಟೆಗೆ ಬಂದವರಿಗೆ ಆ ದಿನದ ಕೂಲಿ ಹೋಗುತ್ತದೆ. ಸಂಜೆ ಆರರ ಮೇಲೆ ಕೇರಿಗೇ ಹೋದರೆ ಎಲ್ಲರೂ ಮನೆಯಲ್ಲಿರುತ್ತಾರೆ.