ಮಹಿಳಾ ಪತ್ರಿಕೆಗಳ ದಾಂಪತ್ಯ ಸಲಹೆ: ಅಧ್ಯಯನ ಟಿಪ್ಪಣಿ

ಮಹಿಳಾ ಪತ್ರಿಕೆಗಳ ಸಲಹಾ ಅಂಕಣಗಳ ಬಗ್ಗೆ ಪ್ರಶ್ನೆ ಬಂದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಹೆಂಗಸರಿಗೆ ಇವು ಮಾರ್ಗದರ್ಶಿ ಎನ್ನುವುದು ಒಂದು. ಅವರನ್ನು ತಗ್ಗಿ ಬಗ್ಗಿ ನಡೆಯುವಂತೆ ಪಳಗಿಸುವ ಸಾಧನ ಎನ್ನುವುದು ಇನ್ನೊಂದು. ಎರಡಕ್ಕೂ ಪುರಾವೆ ಸಿಗುತ್ತದೆ, ಎರಡೂ ಅರ್ಧದಾರಿಯಲ್ಲೇ ನಿಲ್ಲುತ್ತವೆ. ನನ್ನ ವಾದ ಇಷ್ಟು: ಅಂಕಣದಲ್ಲಿ ಬರುವ ಮಾತುಗಳಲ್ಲಿ ಬಹುಪಾಲು ಸರಿಯಾಗಿಯೇ ಇರುತ್ತವೆ. ಆದರೆ ಇಬ್ಬರು ಮಾಡಬೇಕಾದ ಕೆಲಸವನ್ನು ಅವು ಒಬ್ಬಳ ಹೆಗಲಿಗೇ ಹೊರಿಸುತ್ತವೆ. ಹೀಗೇಕೆ ಎಂದು ತಿಳಿಯಲು ಸ್ವಲ್ಪ ಇತಿಹಾಸ ನೋಡಬೇಕು.

1691ರಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ಡಂಟನ್ ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದಕ್ಕೆಂದೇ ‘ಅಥೀನಿಯನ್ ಮರ್ಕ್ಯುರಿ’ ಎಂಬ ಪತ್ರಿಕೆ ಹೊರಡಿಸಿದ. ಕೇಳುವವರು ಹೆಸರು ಹೇಳಬೇಕಿರಲಿಲ್ಲ. ವಿಜ್ಞಾನ, ಧರ್ಮದ ಪ್ರಶ್ನೆಗಳ ಜೊತೆಗೆ ಪ್ರೀತಿ, ಮದುವೆಯ ಪ್ರಶ್ನೆಗಳೂ ಬರತೊಡಗಿದವು. 1693ರಲ್ಲಿ ಅದೇ ಪ್ರಶ್ನೋತ್ತರದ ಮಾದರಿಯಲ್ಲಿ ಹೆಂಗಸರಿಗಾಗಿಯೇ ‘ಲೇಡೀಸ್ ಮರ್ಕ್ಯುರಿ’ ಬಂತು. ನಾಲ್ಕೇ ಸಂಚಿಕೆಗೆ ಅದು ನಿಂತುಹೋಯಿತು, ನಿಜ. ಆದರೂ ಒಂದು ಮಾತು ಗುರುತು ಹಾಕಿಕೊಳ್ಳಿ: ಸಲಹಾ ಅಂಕಣ ಮಹಿಳಾ ಪತ್ರಿಕೆಗೆ ಆಮೇಲೆ ಸೇರಿಕೊಂಡದ್ದಲ್ಲ, ಅದರ ಜೊತೆಯಲ್ಲೇ ಹುಟ್ಟಿದ್ದು. ಹೆಸರು ಹೇಳದೆ ಕೇಳಬಹುದು ಎಂಬ ಸೌಲಭ್ಯವೇ ಅದರ ಮೊದಲ ಮೌಲ್ಯ.

ಅಲ್ಲಿಂದ ನೇರ 1953ಕ್ಕೆ ಬರೋಣ. ಅಮೆರಿಕದ ‘ಲೇಡೀಸ್ ಹೋಮ್ ಜರ್ನಲ್’ ಆ ವರ್ಷ ‘ಈ ಮದುವೆಯನ್ನು ಉಳಿಸಬಹುದೇ?’ ಎಂಬ ಅರ್ಥದ ಶೀರ್ಷಿಕೆಯಡಿ ಒಂದು ಅಂಕಣ ಶುರುಮಾಡಿತು. ಮೊದಲು ಹೆಂಡತಿಯ ಮಾತು, ನಂತರ ಗಂಡನ ಮಾತು, ಕೊನೆಗೆ ಸಮಾಲೋಚಕರ ಮಾತು, ಇದು ಅದರ ಕಟ್ಟು. ಇನ್ನೊಬ್ಬರ ಮಾತನ್ನೂ ಕೇಳಿಸುವ ಈ ಕಟ್ಟು ನನಗೆ ಇವತ್ತಿಗೂ ಒಳ್ಳೆಯದೆನಿಸುತ್ತದೆ. ಈಗಿನ ಬಹಳಷ್ಟು ಅಂಕಣಗಳಲ್ಲಿ ಅದೇ ಇಲ್ಲ. ಆದರೆ ಅಂಕಣಕ್ಕೆ ಪ್ರಕರಣಗಳನ್ನು ಒದಗಿಸುತ್ತಿದ್ದ ಲಾಸ್ ಏಂಜಲೀಸ್‌ನ ದಾಂಪತ್ಯ ಸಮಾಲೋಚನಾ ಸಂಸ್ಥೆಯ ಮುಖ್ಯಸ್ಥ ಪಾಲ್ ಪೊಪೆನೊ ಮನಶ್ಶಾಸ್ತ್ರ ಓದಿದವರಲ್ಲ. ಸುಜನನಶಾಸ್ತ್ರದ, ಅಂದರೆ ‘ಯೋಗ್ಯ’ರೆನಿಸಿದವರಿಗೇ ಹೆಚ್ಚು ಮಕ್ಕಳಾಗಿ ಜನಾಂಗ ‘ಸುಧಾರಿಸಬೇಕು’ ಎನ್ನುವ ವಾದದ, ಪ್ರಚಾರಕರಾಗಿದ್ದವರು. ‘ಯೋಗ್ಯ’ ಕುಟುಂಬಗಳು ಬೆಳೆಯಬೇಕು, ಮದುವೆಗಳು ಮುರಿಯಬಾರದು ಎಂಬುದು ಅವರು ಮೊದಲೇ ಒಪ್ಪಿಕೊಂಡು ಬಂದ ತತ್ವ. ಹಾಗಾಗಿ ‘ಉಳಿಸಬಹುದೇ’ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಮೊದಲೇ ನಿಶ್ಚಯವಾಗಿರುತ್ತಿತ್ತು. 1970ರ ಮಾರ್ಚ್‌ನಲ್ಲಿ ನೂರಕ್ಕೂ ಹೆಚ್ಚು ಸ್ತ್ರೀವಾದಿಗಳು ಇದೇ ಪತ್ರಿಕೆ ಹೆಂಗಸರನ್ನು ಕಾಣುವ ರೀತಿಯನ್ನು ವಿರೋಧಿಸಿ ಅದರ ಸಂಪಾದಕರ ಕಚೇರಿಯಲ್ಲಿ ಧರಣಿ ಕೂತರು. ಕೊನೆಗೆ ಅದೇ ವರ್ಷದ ಆಗಸ್ಟ್ ಸಂಚಿಕೆಯಲ್ಲಿ ತಮ್ಮ ಮಾತು ಬರೆಯಲು ಅವರಿಗೆ ಎಂಟು ಪುಟ ಸಿಕ್ಕಿತು. ಸಲಹೆ ಕೊಡುವವರು ಯಾರು, ಅವರು ಮೊದಲೇ ಏನನ್ನು ನಂಬಿದ್ದಾರೆ ಎಂದು ಕೇಳದೆ ಅಂಕಣದ ಮೌಲ್ಯಮಾಪನ ಮಾಡಬಾರದು ಎನ್ನುವುದಕ್ಕೆ ಈ ಅಂಕಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗ ಮುಖ್ಯ ಭಾಗ. ಅಭ್ಯಾಸಕ್ಕೆಂದು ನಾನೇ ಬರೆದ ಒಂದು ಮಾದರಿ ನೋಡಿ.

ಪ್ರಶ್ನೆ: ‘ಮದುವೆಯಾಗಿ ಆರು ವರ್ಷ. ಖರ್ಚಿನ ವಿಷಯ ಎತ್ತಿದರೆ ಸಾಕು, ಗಂಡ ಎದ್ದು ಹೋಗುತ್ತಾರೆ. ಏನು ಮಾಡಲಿ?’

ಉತ್ತರ: ‘ಅವರು ದಣಿದಿರುವಾಗ ವಿಷಯ ಎತ್ತಬೇಡಿ. ದೂರುವ ದನಿ ಬೇಡ. ನಿಮಗೆ ಏನನಿಸುತ್ತದೆ ಎಂದು ಮೆತ್ತಗೆ ಹೇಳಿ. ತಾಳ್ಮೆ ಇರಲಿ.’

ಕೇಳಲು ಹಿತವಾಗಿದೆ. ಸಂಶೋಧನೆಯ ಬೆಂಬಲವೂ ಇದೆ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಗಮನಿಸಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಹಸಂಶೋಧಕರು 1998ರಲ್ಲಿ ನವದಂಪತಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೆಂಡತಿ ಮಾತನ್ನು ಕಟುವಾಗಿ ಆರಂಭಿಸುವುದಕ್ಕೂ ಮದುವೆ ಮುರಿಯುವುದಕ್ಕೂ ನಂಟಿದೆ ಎಂದು ಅದರಲ್ಲಿ ಕಂಡುಬಂತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಫಲಿತಾಂಶವೂ ಇದೆ: ಹೆಂಡತಿಯ ಮಾತಿಗೆ ಬೆಲೆ ಕೊಡದೆ ತಳ್ಳಿಹಾಕುವ ಗಂಡನ ನಡತೆಯೂ ಮದುವೆ ಮುರಿಯುವ ಮುನ್ಸೂಚನೆ. ಮೇಲಿನ ಉತ್ತರದಲ್ಲಿ ಮೊದಲ ಅರ್ಧ ಮಾತ್ರ ಇದೆ. ಎದ್ದು ಹೋಗುವವನಿಗೆ ಒಂದು ಮಾತೂ ಇಲ್ಲ.

ಇದು ಸಲಹೆಗಾರ್ತಿಯ ಕೆಟ್ಟ ಉದ್ದೇಶದಿಂದ ಆಗುವುದಲ್ಲ. ಪತ್ರಿಕೆ ಓದುವವಳು ಹೆಂಗಸು, ಪತ್ರ ಬರೆದವಳೂ ಅವಳೇ. ಹಾಗಾಗಿ ಮಾಡಬಹುದಾದದ್ದನ್ನೆಲ್ಲ ಅವಳಿಗೇ ಹೇಳಲಾಗುತ್ತದೆ. ಒಂದೊಂದು ಉತ್ತರವೂ ಬಿಡಿಯಾಗಿ ನ್ಯಾಯವೇ. ವರ್ಷಗಟ್ಟಲೆ ಇಂಥವನ್ನೇ ಓದಿದವಳಿಗೆ ಮಾತ್ರ, ಸಂಬಂಧ ಕೆಟ್ಟರೆ ತಾನು ಎಲ್ಲೋ ಎಡವಿದ್ದೇನೆ ಎನ್ನುವುದು ಮನಸ್ಸಿಗೆ ಇಳಿದುಬಿಡುತ್ತದೆ. ಜಾಹೀರಾತಿನ ಪ್ರಭಾವವನ್ನೂ ಇಲ್ಲೇ ಸೇರಿಸಿ ಓದಿ: ಪಕ್ಕದ ಪುಟದ ಕ್ರೀಮು, ಉಡುಪುಗಳ ಜಾಹೀರಾತು ಹೇಳುವುದೂ ನಿನ್ನನ್ನು ನೀನು ತಿದ್ದಿಕೊ ಎಂದೇ.

ಹಾಗಾದರೆ ಓದುಗರು ಇವನ್ನು ಏಕೆ ಓದುತ್ತಾರೆ? ಡಚ್ ವಿದ್ವಾಂಸೆ ಯೋಕೆ ಹರ್ಮೆಸ್ ಓದುಗರನ್ನೇ ಕೂರಿಸಿಕೊಂಡು ಮಾತಾಡಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಯಾವಾಗ ಬೇಕಾದರೂ ಕೆಳಗಿಡಬಹುದು ಎಂಬ ಕಾರಣಕ್ಕೇ ಹಲವರು ಪತ್ರಿಕೆ ಹಿಡಿಯುತ್ತಾರೆ, ಓದಿದ್ದು ಹೆಚ್ಚೇನೂ ನೆನಪಿರುವುದಿಲ್ಲ ಎಂದು ಅವರು ತೋರಿಸಿದರು. ಅದರ ನಡುವೆಯೇ, ಇಂಥ ಕಷ್ಟ ಬಂದರೆ ತಾನು ನಿಭಾಯಿಸಬಲ್ಲೆ ಎಂಬ ಕಲ್ಪನೆಯ ತಯಾರಿಯೂ ನಡೆಯುತ್ತದೆ. ಇತರರ ಕಥೆಗಳ ಮೂಲಕ ತನ್ನ ಭಾವನೆಗಳನ್ನು ಗುರುತಿಸಿಕೊಳ್ಳುವುದೂ ಇದೆ. ಅಂಕಣದ ನಿಜವಾದ ಲಾಭ ಇದು ಎಂದು ನನ್ನ ನಂಬಿಕೆ. ಉತ್ತರಕ್ಕಿಂತ ಹೆಚ್ಚಾಗಿ ಪ್ರಶ್ನೆಯೇ ಓದುವವಳಿಗೆ ನೆರವಾಗುತ್ತದೆ: ತನ್ನೊಬ್ಬಳದೇ ಪಾಡು ಎಂದುಕೊಂಡಿದ್ದು ಇನ್ನೊಬ್ಬಳದೂ ಹೌದು ಎಂದು ಅಲ್ಲಿ ತಿಳಿಯುತ್ತದೆ.

‘ನಿಮ್ಮದು ಎಂಥ ಪ್ರೀತಿ?’ ರೀತಿಯ ಅಂಕ ಹಾಕುವ ಪ್ರಶ್ನಾವಳಿಗಳಿಗೆ ಹೆಚ್ಚು ಹೊತ್ತು ಬೇಡ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ‘ನಿಮ್ಮ ವ್ಯಕ್ತಿತ್ವ ವಿವರಣೆ’ ಎಂದು ಎಲ್ಲರಿಗೂ ಒಂದೇ ಬರಹ ಹಂಚಿದ. 5ಕ್ಕೆ ಸರಾಸರಿ 4.26 ಅಂಕ ಕೊಟ್ಟು ಅವರು ಅದನ್ನು ಒಪ್ಪಿದರು. ಯಾರಿಗಾದರೂ ಹೊಂದುವ ಮಾತು ತನಗೇ ಬರೆದಂತೆ ಕಾಣುತ್ತದೆ. ಪ್ರಶ್ನಾವಳಿಯ ಫಲಿತಾಂಶ ‘ಸರಿಯಾಗಿ ಹೇಳಿದೆ’ ಅನಿಸುವುದು ಅದರ ಸತ್ಯಕ್ಕೆ ಸಾಕ್ಷಿಯಲ್ಲ.

ಪ್ರತ್ಯೇಕವಾಗಿ ನೋಡಬೇಕಾದ ಪತ್ರಗಳು ಇನ್ನೊಂದು ಬಗೆಯವು. ‘ಅವರು ನನ್ನ ಫೋನ್ ನೋಡುತ್ತಾರೆ, ತವರಿಗೆ ಮಾತಾಡಲು ಬಿಡುವುದಿಲ್ಲ, ಸಿಟ್ಟು ಬಂದರೆ ಹೆದರಿಕೆಯಾಗುತ್ತದೆ’ ಎಂಬಂಥವು. ಇಲ್ಲಿ ಮೆತ್ತಗೆ ಮಾತಾಡಿ, ಹೊಂದಿಕೊಂಡು ಹೋಗಿ ಎನ್ನುವುದು ಅಪಾಯಕಾರಿ. ಸಂವಹನ ಸುಧಾರಿಸುವ ಸಲಹೆಗಳೆಲ್ಲ ಇಬ್ಬರೂ ನಿರ್ಭಯವಾಗಿ ಮಾತಾಡಬಲ್ಲರು ಎಂಬ ಊಹೆಯ ಮೇಲೆ ನಿಂತಿರುತ್ತವೆ. ಒಬ್ಬರು ಹೆದರಿರುವಾಗ ಆ ಊಹೆಯೇ ಸುಳ್ಳು. ಮನೆಯಲ್ಲಿ ಬಾಯಿಬಿಟ್ಟದ್ದಕ್ಕೇ ಏಟು ಬೀಳಬಹುದು. ಹಳೆಯ ಸಂಚಿಕೆಗಳನ್ನು ಪ್ರಬಂಧಕ್ಕಾಗಿ ತೆಗೆದಾಗ ಇಂಥ ಪತ್ರಗಳನ್ನು ಬೇರೆಯಾಗಿ ಎತ್ತಿಟ್ಟುಕೊಂಡು, ಉತ್ತರ ಹೆದರಿಕೆಯನ್ನು ಗಮನಿಸಿದೆಯೋ ಇಲ್ಲವೋ ನೋಡಿ. ನಂಬಿಕಸ್ಥರೊಬ್ಬರಿಗೆ ತಿಳಿಸಿ ಎಂದು ಹೇಳಿದೆಯೇ, ಕೆಳಗೆ ಸಹಾಯವಾಣಿಯ ಸಂಖ್ಯೆ ಅಚ್ಚಾಗಿದೆಯೇ, ಅದನ್ನು ಯಾವ ವರ್ಷದಿಂದ ಅಚ್ಚುಮಾಡಲು ಶುರುಮಾಡಿದರು ಎಂಬುದನ್ನೂ ಬರೆದುಕೊಳ್ಳಿ. ಆ ಪತ್ರಿಕೆ ತನ್ನನ್ನು ಓದುವವಳನ್ನು ಎಷ್ಟು ಗಂಭೀರವಾಗಿ ಕೇಳಿಸಿಕೊಂಡಿತು ಎನ್ನುವುದಕ್ಕೆ ನಿಮಗೆ ಸಿಗುವ ಅತ್ಯಂತ ಗಟ್ಟಿ ದಾಖಲೆ ಅದೇ.