ಪದ ಪರಿಚಯ: ಸೂಪರ್ ಡೆಲಿಗೇಟ್

2016ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿ, ಅಂದರೆ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಹೇಳುವ ಚುನಾವಣೆ, ನಡೆಯಿತು. ಬರ್ನಿ ಸ್ಯಾಂಡರ್ಸ್ ಶೇ 60ರಷ್ಟು ಮತ ಪಡೆದರು, ಹಿಲರಿ ಕ್ಲಿಂಟನ್ ಶೇ 38ಕ್ಕೆ ನಿಂತರು. ಮತಗಳಿಗೆ ತಕ್ಕಂತೆ ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳನ್ನು ಹಂಚಿದಾಗ ಸ್ಯಾಂಡರ್ಸ್ ಪಾಲಿಗೆ 15, ಕ್ಲಿಂಟನ್ ಪಾಲಿಗೆ 9. ಆದರೆ ಮಾಧ್ಯಮಗಳ ಲೆಕ್ಕದ ಪಟ್ಟಿಯಲ್ಲಿ ಇಬ್ಬರದೂ 15! ಆ ರಾಜ್ಯದ ಗವರ್ನರ್, ಸೆನೆಟರ್ ಮೊದಲಾದ ಆರು ಮಂದಿ ಪಕ್ಷದ ಗಣ್ಯರು ಮತದಾನಕ್ಕೆ ಮೊದಲೇ ಕ್ಲಿಂಟನ್ ಪರ ನಿಂತಿದ್ದರು. ಅವರ ಆರು ಮತಗಳನ್ನೂ ಕೂಡಿಸಿ ಪಟ್ಟಿ ಬರೆದಿದ್ದರು. ಆ ಆರು ಮಂದಿಯೇ ಸೂಪರ್ ಡೆಲಿಗೇಟ್‌ಗಳು.

ಅಮೆರಿಕದ ಪಕ್ಷಗಳು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವುದು ನಾಲ್ಕು ವರ್ಷಕ್ಕೊಮ್ಮೆ ಸೇರುವ ರಾಷ್ಟ್ರೀಯ ಸಮಾವೇಶದಲ್ಲಿ. ಅಲ್ಲಿಗೆ ಬರುವ ಪ್ರತಿನಿಧಿಗಳಲ್ಲಿ ಹೆಚ್ಚಿನವರು ತಮ್ಮ ರಾಜ್ಯದ ಪ್ರೈಮರಿ ಅಥವಾ ಕಾಕಸ್‌ನ (ಪಕ್ಷದವರು ಸಭೆ ಸೇರಿ ಆರಿಸುವ ಪದ್ಧತಿ) ಫಲಿತಾಂಶಕ್ಕೆ ಬದ್ಧರು. ಸೂಪರ್ ಡೆಲಿಗೇಟ್ ಹಾಗಲ್ಲ. ಡೆಮಾಕ್ರಟಿಕ್ ಪಕ್ಷದ ಸಂಸದರು, ಗವರ್ನರ್‌ಗಳು, ರಾಷ್ಟ್ರೀಯ ಸಮಿತಿಯ ಸದಸ್ಯರು, ಮಾಜಿ ಅಧ್ಯಕ್ಷರು, ಮಾಜಿ ಉಪಾಧ್ಯಕ್ಷರು ಆ ಸ್ಥಾನದ ಬಲದಿಂದಲೇ ಪ್ರತಿನಿಧಿಗಳಾಗುತ್ತಾರೆ. 2018ರವರೆಗೆ ಮೊದಲ ಸುತ್ತಿನಲ್ಲೇ ತಮಗೆ ಸರಿಕಂಡವರಿಗೆ ಮತ ಹಾಕಬಹುದಿತ್ತು. 2016ರಲ್ಲಿ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಈ ಸಾಲಿನಲ್ಲಿದ್ದರು. ವ್ಯವಸ್ಥೆಯ ವಿರುದ್ಧ ಗುಡುಗುತ್ತಿದ್ದ ಸೆನೆಟರ್ ಸ್ಯಾಂಡರ್ಸ್ ಅವರೂ ಇದ್ದರು.

ಪಕ್ಷದ ನಿಯಮಾವಳಿಯಲ್ಲಿ ‘ಸೂಪರ್ ಡೆಲಿಗೇಟ್’ ಎಂಬ ಪದವಿಲ್ಲ. ಅದು ಪತ್ರಿಕೆಗಳಲ್ಲಿಯೂ ಜನರ ಬಾಯಲ್ಲಿಯೂ ನೆಲೆಯಾದ ಹೆಸರು. ಅದನ್ನು ‘ಮಹಾಪ್ರತಿನಿಧಿ’ ಎಂದು ಕನ್ನಡಕ್ಕೆ ತಂದರೆ ಆತನ ಕೈಯಲ್ಲಿ ನಾಲ್ಕಾರು ಮತಗಳಿವೆ ಎಂಬ ಭಾವನೆ ಬರುತ್ತದೆ. ಅವನ ಮತದ ತೂಕ ಉಳಿದವರದಕ್ಕಿಂತ ಹೆಚ್ಚಲ್ಲ. ನನ್ನನ್ನು ಕೇಳಿದರೆ ‘ಹಂಗಿಲ್ಲದ ಪ್ರತಿನಿಧಿ’ ಅರ್ಥಕ್ಕೆ ಹತ್ತಿರ. ಅಂದರೆ ಮತದಾರರ ಹಂಗಿಲ್ಲ. ಪಕ್ಷದ ಹಂಗು ಹೇಗೂ ಇದ್ದೇ ಇರುತ್ತದೆ.

ಟಿಕೆಟ್ ಎಂದರೆ ಹೈಕಮಾಂಡ್, ಹೈಕಮಾಂಡ್ ಎಂದರೆ ಬಿ ಫಾರಂ ಎಂದು ಬಲ್ಲ ನಮ್ಮ ಓದುಗರಿಗೆ ಇದರಲ್ಲಿ ರಂಪ ಮಾಡುವಂಥದ್ದೇನಿದೆ ಎನಿಸಬಹುದು. ಅಲ್ಲಿಯೂ ಬಹುಕಾಲ ಹಾಗೆಯೇ ನಡೆಯುತ್ತಿತ್ತು. 1920ರಲ್ಲಿ ಶಿಕಾಗೊದ ಬ್ಲ್ಯಾಕ್‌ಸ್ಟೋನ್ ಹೋಟೆಲಿನ ಕೋಣೆಯೊಂದರಲ್ಲಿ ರಿಪಬ್ಲಿಕನ್ ನಾಯಕರು ಸಿಗಾರ್ ಸೇದುತ್ತ ಕುಳಿತು ವಾರೆನ್ ಹಾರ್ಡಿಂಗ್ ಹೆಸರನ್ನು ಗಟ್ಟಿ ಮಾಡಿದರಂತೆ. ಒಳಗಿನವರ ತೀರ್ಮಾನವನ್ನು ಅಮೆರಿಕನ್ನರು ಇಂದಿಗೂ ‘ಹೊಗೆ ತುಂಬಿದ ಕೋಣೆ’ ಎಂದು ಮೂದಲಿಸುವುದು ಅದರಿಂದಲೇ. 1952ರಲ್ಲಿ ಎಸ್ಟಿಸ್ ಕೆಫಾವರ್ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ಹೆಚ್ಚಿನವನ್ನು ಗೆದ್ದು ಸಮಾವೇಶಕ್ಕೆ ಬಂದರು. ಅಭ್ಯರ್ಥಿಯಾದದ್ದು ಅಡ್ಲಾಯ್ ಸ್ಟೀವನ್‌ಸನ್.

ಆ ಪದ್ಧತಿಗೆ ಪೆಟ್ಟು ಬಿದ್ದದ್ದು 1968ರಲ್ಲಿ, ಮತ್ತೆ ಶಿಕಾಗೊದಲ್ಲಿಯೇ. ಅಧ್ಯಕ್ಷ ಜಾನ್ಸನ್ ಮರುಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ರಾಬರ್ಟ್ ಕೆನಡಿ ಜೂನ್‌ನಲ್ಲಿ ಹತ್ಯೆಯಾದರು. ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದಿದ್ದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಪಕ್ಷದ ಯಜಮಾನರ ಬಲದಿಂದ ಅಭ್ಯರ್ಥಿಯಾದರು. ಹೊರಗೆ ವಿಯೆಟ್ನಾಂ ಯುದ್ಧ ವಿರೋಧಿಗಳ ಮೇಲೆ ಪೊಲೀಸರ ಲಾಠಿ ಬೀಸುತ್ತಿತ್ತು. ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಿತು. ನವೆಂಬರ್‌ನಲ್ಲಿ ಹಂಫ್ರಿ ಸೋತರು. ಆಮೇಲೆ ಪಕ್ಷ ನೇಮಿಸಿದ ಸುಧಾರಣಾ ಆಯೋಗದ ಮೊದಲ ಅಧ್ಯಕ್ಷ ಸೆನೆಟರ್ ಜಾರ್ಜ್ ಮೆಕ್‌ಗವರ್ನ್. ಪ್ರತಿನಿಧಿಗಳ ಆಯ್ಕೆ ನಾಯಕರ ಕೈತಪ್ಪಿ ಮತದಾರರ ಕೈಗೆ ಬಂತು. ಆ ಹೊಸ ನಿಯಮಗಳಡಿ 1972ರಲ್ಲಿ ಗೆದ್ದು ಬಂದ ಅಭ್ಯರ್ಥಿ ಬೇರಾರೂ ಅಲ್ಲ, ಅದೇ ಮೆಕ್‌ಗವರ್ನ್! ನಿಕ್ಸನ್ ಎದುರು ಅವರಿಗೆ ದಕ್ಕಿದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ.

1980ರಲ್ಲಿ ಕಾರ್ಟರ್ ಸಹ ಸೋತ ಮೇಲೆ, ಬಾಗಿಲನ್ನು ಪೂರ್ತಿ ತೆರೆದದ್ದು ತಪ್ಪಾಯಿತೇನೋ ಎಂಬ ಗುಸುಗುಸು ಪಕ್ಷದಲ್ಲಿ ಎದ್ದಿತು. ನಾರ್ತ್ ಕ್ಯಾರೊಲೈನಾದ ಗವರ್ನರ್ ಜಿಮ್ ಹಂಟ್ ನೇತೃತ್ವದ ಆಯೋಗ 1982ರಲ್ಲಿ ಸೂಪರ್ ಡೆಲಿಗೇಟ್ ವ್ಯವಸ್ಥೆಯನ್ನು ರೂಪಿಸಿತು. ಚುನಾವಣೆಯ ಬಿಸಿಲು ಮಳೆ ಕಂಡ ಹಿರಿಯರು ಗೆಲ್ಲಬಲ್ಲವರನ್ನು ಗುರುತಿಸುತ್ತಾರೆ ಎಂಬುದು ವಾದ. 1984ರ ಸಮಾವೇಶದಲ್ಲಿ ಸುಮಾರು ಶೇ 14ರಷ್ಟು ಪ್ರತಿನಿಧಿಗಳು ಅವರೇ. ಗ್ಯಾರಿ ಹಾರ್ಟ್ ಎದುರು ಮುಂದಿದ್ದರೂ ಬಹುಮತಕ್ಕೆ ಕೊಂಚ ಕಡಿಮೆ ಬಿದ್ದಿದ್ದ ವಾಲ್ಟರ್ ಮಾಂಡೇಲ್ ಅವರನ್ನು ದಡ ಸೇರಿಸಿದರು. ಗೆಲ್ಲಬಲ್ಲವರೆಂದು ಹಿರಿಯರು ಆರಿಸಿದ ಮಾಂಡೇಲ್ ಗೆದ್ದದ್ದು ತವರು ರಾಜ್ಯ ಮಿನೆಸೋಟ ಮತ್ತು ರಾಜಧಾನಿ. ಮೆಕ್‌ಗವರ್ನ್ ಅವರದೇ ಲೆಕ್ಕ!

ಇಲ್ಲಿಂದ ಮುಂದೆ ಒಂದು ಸಂಗತಿಯನ್ನು ಗಮನಿಸಬೇಕು. ಪ್ರೈಮರಿಗಳಲ್ಲಿ ಬದ್ಧ ಪ್ರತಿನಿಧಿಗಳನ್ನು ಹೆಚ್ಚು ಗೆದ್ದವರನ್ನು ಬದಿಗೆ ತಳ್ಳಿ ಇನ್ನೊಬ್ಬರನ್ನು ಸೂಪರ್ ಡೆಲಿಗೇಟ್‌ಗಳು ಕೂರಿಸಿದ ಉದಾಹರಣೆಯೇ ಇಲ್ಲ. 2008ರ ಆರಂಭದಲ್ಲಿ ಅವರ ಪೈಕಿ ಹೆಚ್ಚಿನವರು ಹಿಲರಿ ಪರ ಇದ್ದರು. ಒಬಾಮ ಗೆಲ್ಲುತ್ತ ಹೋದಂತೆ ಒಬ್ಬೊಬ್ಬರೇ ಮಗ್ಗುಲು ಬದಲಿಸಿದರು. ನಾಗರಿಕ ಹಕ್ಕುಗಳ ಹೋರಾಟದ ಹಿರಿಯ ಜಾನ್ ಲೂಯಿಸ್, ತಮ್ಮ ಕ್ಷೇತ್ರದ ಜನ ಒಬಾಮಗೆ ಒಲಿದದ್ದನ್ನು ಕಂಡು ಹಿಲರಿಯನ್ನು ಬಿಟ್ಟು ಬಂದರು. ಹಂಗಿಲ್ಲದವರಿಗೂ ಮುಂದಿನ ಚುನಾವಣೆಯ ಭಯವಿರುತ್ತದೆ.

ಅವರ ಬಲವಿದ್ದದ್ದು ಮತ ಹಾಕುವುದರಲ್ಲಿ ಅಲ್ಲ, ಮೊದಲೇ ಲೆಕ್ಕಕ್ಕೆ ಸಿಗುವುದರಲ್ಲಿ. 2016ರಲ್ಲಿ ಅವರು 700ಕ್ಕೂ ಹೆಚ್ಚು ಮಂದಿ. ಅವರನ್ನು ಕೂಡಿಸಿ ತೋರಿಸಿದ ಪಟ್ಟಿಯಲ್ಲಿ ಕ್ಲಿಂಟನ್ ಓಟ ಶುರುವಾಗುವ ಮುನ್ನವೇ ಬಹುದೂರ ಮುಂದಿದ್ದಂತೆ ಕಾಣುತ್ತಿತ್ತು. ಜೂನ್ 6ರಂದು, ಕ್ಯಾಲಿಫೋರ್ನಿಯಾ ಮತ ಹಾಕುವ ಹಿಂದಿನ ದಿನ, ಅಸೋಸಿಯೇಟೆಡ್ ಪ್ರೆಸ್ ಇದೇ ಲೆಕ್ಕದ ಮೇಲೆ ಕ್ಲಿಂಟನ್ ಅಭ್ಯರ್ಥಿತನ ಖಚಿತವೆಂದು ಪ್ರಕಟಿಸಿತು. ನಾಳೆ ಮತ ಹಾಕಬೇಕಾದವರಿಗೆ ಹೇಗೆನಿಸಿರಬೇಡ! ಹಾಗೆಂದು ಗಣ್ಯರೇ ಗೆಲುವು ಕಿತ್ತುಕೊಂಡರೆಂಬ ಸ್ಯಾಂಡರ್ಸ್ ಬೆಂಬಲಿಗರ ದೂರನ್ನು ಪೂರ್ತಿ ಒಪ್ಪಲೂ ಆಗದು. ಜನರ ಮತದಲ್ಲಿಯೂ ಬದ್ಧ ಪ್ರತಿನಿಧಿಗಳಲ್ಲಿಯೂ ಕ್ಲಿಂಟನ್ ಮುಂದಿದ್ದರು, 2205ಕ್ಕೆ 1846. ಇದೇ ಗಣ್ಯರು ತಮ್ಮ ಕಡೆ ತಿರುಗಬೇಕು, ಟ್ರಂಪ್ ಎದುರು ತಾವೇ ಗಟ್ಟಿ ಎಂದು ಕೊನೆಕೊನೆಗೆ ಸ್ಯಾಂಡರ್ಸ್ ಅವರೂ ವಾದಿಸಿದ್ದರು. ರಿಪಬ್ಲಿಕನ್ನರಲ್ಲಿ ಸ್ಥಾನದ ಬಲದಿಂದ ಪ್ರತಿನಿಧಿಗಳಾದವರು ರಾಜ್ಯಕ್ಕೆ ಮೂವರಷ್ಟೇ, ಅವರಲ್ಲಿ ಹೆಚ್ಚಿನವರೂ ಫಲಿತಾಂಶಕ್ಕೆ ಬದ್ಧರು. ಟ್ರಂಪ್ ಬೇಡವೆಂದು ಹಿರಿಯರು ಹಲುಬಿದ್ದಷ್ಟೇ ಬಂತು.

2018ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಸಮಿತಿ ನಿಯಮ ಬದಲಿಸಿತು: ಅಭ್ಯರ್ಥಿ ಯಾರೆಂಬುದು ಬದ್ಧ ಪ್ರತಿನಿಧಿಗಳಿಂದಲೇ ತೀರ್ಮಾನವಾಗಿರದಿದ್ದರೆ ಮೊದಲ ಸುತ್ತಿನಲ್ಲಿ ಇವರು ಮತ ಹಾಕುವಂತಿಲ್ಲ. 1952ರ ನಂತರ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ಆಯ್ಕೆಯಲ್ಲಿ ಎರಡು ಮುಖ್ಯ ಪಕ್ಷಗಳ ಯಾವ ಸಮಾವೇಶವೂ ಎರಡನೆಯ ಸುತ್ತಿಗೆ ಹೋಗಿಲ್ಲ, ಆದ್ದರಿಂದ ಇದು ಹೆಚ್ಚುಕಡಿಮೆ ಹಲ್ಲು ಕಿತ್ತಂತೆಯೇ. ಒಳಗಿನವರ ಮಾತೇನೂ ನಿಲ್ಲಲಿಲ್ಲ. 2020ರಲ್ಲಿ ಮುಗ್ಗರಿಸುತ್ತಿದ್ದ ಬೈಡನ್ ಅವರಿಗೆ ಸೌತ್ ಕ್ಯಾರೊಲೈನಾದ ಸಂಸದ ಜಿಮ್ ಕ್ಲೈಬರ್ನ್ ಬೆಂಬಲ ಘೋಷಿಸಿದರು. ಬೈಡನ್ ಅಲ್ಲಿ ಗೆದ್ದ ಎರಡೇ ದಿನಕ್ಕೆ ಪ್ರತಿಸ್ಪರ್ಧಿಗಳಾದ ಬುಟಿಜೆಜ್ ಮತ್ತು ಕ್ಲೋಬುಶಾರ್ ಕಣದಿಂದ ಸರಿದು ಅವರ ಪರ ನಿಂತಿದ್ದರು. ಅದಕ್ಕೆ ಸಮಾವೇಶದ ಮತವೇನೂ ಬೇಕಾಗಲಿಲ್ಲ.

2024ರ ಜುಲೈ 21ರಂದು ಹಿರಿಯ ನಾಯಕರ ಒತ್ತಡಕ್ಕೆ ಮಣಿದು ಬೈಡನ್ ಹಿಂದೆ ಸರಿದರು. ಆ ವರ್ಷದ ಪ್ರೈಮರಿಗಳಲ್ಲಿ ಅಧ್ಯಕ್ಷ ಸ್ಥಾನ ಕೇಳಿರದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಒಂದೆರಡು ದಿನದಲ್ಲೇ ಬೇಕಾದಷ್ಟು ಪ್ರತಿನಿಧಿಗಳ ಒಪ್ಪಿಗೆ ಪಡೆದರು. ಆನ್‌ಲೈನ್ ಮತದಾನ ಆಗಸ್ಟ್ ಮೊದಲ ವಾರದಲ್ಲೇ ಮುಗಿದಿತ್ತು. ಎರಡು ವಾರದ ನಂತರ ಸಮಾವೇಶದಲ್ಲಿ ರಾಜ್ಯಗಳ ಹೆಸರು ಕೂಗಿದ್ದು ಬರಿಯ ಶಾಸ್ತ್ರಕ್ಕೆ, ಡಿ.ಜೆ. ಸಂಗೀತದೊಂದಿಗೆ. ಸಮಾವೇಶ ಸೇರಿದ್ದ ಊರು ಶಿಕಾಗೊ.