ಹಿಮಕುಸಿತದ ಅಪಾಯವನ್ನು ಅಳೆಯುವುದು: ತೆಳುವಾದ ಹಿಮ ಏಕೆ ಹೆಚ್ಚು ದುರ್ಬಲ?

ಚಳಿಗಾಲದ ಪರ್ವತಾರೋಹಣ ತರಬೇತಿಗೆ ಮಧುಗಿರಿಯಲ್ಲಿದ್ದುಕೊಂಡೇ ಸಿದ್ಧತೆ ನಡೆಸುತ್ತಿರುವಾಗ ಬರೆದಿಟ್ಟುಕೊಂಡ ಟಿಪ್ಪಣಿ ಇದು. ನಮ್ಮ ಪತ್ರಿಕೆಗಳಲ್ಲಿ ಹಿಮ ಸುರಿಯುವುದಕ್ಕೂ ಬೆಟ್ಟದ ಮೇಲಿಂದ ಹಿಮ ಜಾರಿ ಬರುವುದಕ್ಕೂ ‘ಹಿಮಪಾತ’ ಎಂಬ ಒಂದೇ ಪದ ಬಳಕೆಯಾಗುವುದುಂಟು. ಇಲ್ಲಿ ಎರಡನೆಯದನ್ನು ‘ಹಿಮಕುಸಿತ’ ಎಂದೇ ಕರೆದಿದ್ದೇನೆ.

ಚಾರಣಿಗರ ಜೀವಕ್ಕೆ ಹೆಚ್ಚು ಎರವಾಗುವುದು ಹಲಗೆಯಂತೆ ಒಟ್ಟಾಗಿ ಕಳಚಿಕೊಳ್ಳುವ ಹಿಮ. ಅದಕ್ಕೆ ಮೇಲೊಂದು ಬಿಗಿಯಾದ ಪದರ, ಅದರಡಿ ಒಂದು ದುರ್ಬಲ ಪದರ, ಸುಮಾರು 30ರಿಂದ 45 ಡಿಗ್ರಿಯ ಇಳಿಜಾರು ಮತ್ತು ಪದರವನ್ನು ಕದಲಿಸುವ ಒಂದು ಭಾರ ಬೇಕು. ಆ ಭಾರ ಬಹುಪಾಲು ದುರಂತಗಳಲ್ಲಿ ಸಿಕ್ಕಿಬಿದ್ದವರದ್ದೇ ಅಥವಾ ಅವರ ಜೊತೆಗಾರರದ್ದೇ ಆಗಿರುತ್ತದೆ.

ನಾನು ಎಡವಿದ್ದು ದುರ್ಬಲ ಪದರದ ವಿಷಯದಲ್ಲಿ. ಹಿಮ ಹೆಚ್ಚಿದಷ್ಟೂ ಅಪಾಯ ಹೆಚ್ಚು, ಚಳಿ ಹೆಚ್ಚಿದಷ್ಟೂ ಹಿಮ ಗಟ್ಟಿ ಎಂದೇ ನಂಬಿದ್ದೆ. ಹಾಗಿದ್ದರೆ ಋತುವಿನ ಆರಂಭದ ತೆಳುವಾದ ಹಿಮವೂ ಮೋಡವಿಲ್ಲದ ಕೊರೆಯುವ ರಾತ್ರಿಗಳೂ ಏಕೆ ಕೆಟ್ಟವು? ಉತ್ತರವಿರುವುದು ಚಳಿಯಲ್ಲಲ್ಲ, ಹಿಮದ ತಳಕ್ಕೂ ಮೇಲ್ಮೈಗೂ ನಡುವಿನ ಚಳಿಯ ಅಂತರದಲ್ಲಿ. ಹಿಮದ ತಳ ನೆಲದ ಶಾಖದಿಂದ ಸಾಮಾನ್ಯವಾಗಿ 0 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಮೇಲ್ಮೈ ಮೈನಸ್ 10 ಡಿಗ್ರಿಗೆ ಇಳಿದಿದೆ ಎಂದುಕೊಳ್ಳೋಣ. ಹಿಮದ ದಪ್ಪ 200 ಸೆಂಟಿಮೀಟರ್ ಆದರೆ ಪ್ರತಿ 10 ಸೆಂಟಿಮೀಟರಿಗೆ ಅರ್ಧ ಡಿಗ್ರಿ ವ್ಯತ್ಯಾಸ; ದಪ್ಪ 50 ಸೆಂಟಿಮೀಟರ್ ಆದರೆ ಅದೇ ಚಳಿಗೆ 2 ಡಿಗ್ರಿ. ಈ ವ್ಯತ್ಯಾಸ ಸುಮಾರು 1 ಡಿಗ್ರಿಯನ್ನು ಮೀರಿದಾಗ, ಕೆಳಗಿನ ಬೆಚ್ಚನೆಯ ಹಿಮದಿಂದ ಆವಿ ಮೇಲಕ್ಕೆ ಚಲಿಸಿ ಮತ್ತೆ ಹರಳುಗಟ್ಟುತ್ತಾ, ಒಂದಕ್ಕೊಂದು ಅಂಟದ ಸಕ್ಕರೆಯಂಥ ಕಾಳುಗಳನ್ನು ಕಟ್ಟುತ್ತದೆ. ಆಮೇಲೆ ಅದರ ಮೇಲೆ ಹೊಸ ಹಿಮ ಬಿದ್ದು ಬಿಗಿಯಾದರೆ, ಕಣದಲ್ಲಿ ಚೆಲ್ಲಿದ ರಾಗಿಯ ಮೇಲೆ ಹಲಗೆ ಇಟ್ಟಂತೆ. ಹಲಗೆ ಎಷ್ಟೇ ಗಟ್ಟಿಯಾಗಿದ್ದರೂ ಜಾರುವುದು ರಾಗಿಯ ಮೇಲೆ. ಇಂಥ ಪದರ ವಾರಗಟ್ಟಲೆ ಒಳಗೇ ಉಳಿಯಬಲ್ಲದು ಎಂಬುದೇ ಅದರ ಕಿಡಿಗೇಡಿತನ.

ಇಳಿಜಾರನ್ನು ಅಳೆಯಲು ನನಗೆ ಮೆಚ್ಚಿಗೆಯಾದದ್ದು ಸಮ ಉದ್ದದ ಎರಡು ಕೋಲುಗಳ ಉಪಾಯ. ಒಂದನ್ನು ಇಳಿಜಾರಿನ ಮೇಲೆ ನೇರವಾಗಿ ನಿಲ್ಲಿಸಿ, ಇನ್ನೊಂದನ್ನು ಏರುವ ದಿಕ್ಕಿನತ್ತ ಚಾಚಿ, ಮಟ್ಟಸವಾಗಿ ಹಿಡಿದು ಅದರ ತುದಿಯನ್ನು ಇಳಿಜಾರಿಗೆ ಮುಟ್ಟಿಸಬೇಕು. ಅಡ್ಡಕೋಲಿನ ಇನ್ನೊಂದು ತುದಿ ನೇರ ಕೋಲಿನ ನೆತ್ತಿಗೆ ಬಂದರೆ 45 ಡಿಗ್ರಿ, ನಟ್ಟನಡುವೆ ಬಂದರೆ ಸುಮಾರು 27. ಅಂದರೆ ನಡುವಿನಿಂದ ತುಸು ಮೇಲಕ್ಕೆ ಬಂದಾಗಲೇ ಎಚ್ಚರ. ಮುಕ್ಕಾಲಿನ ಹತ್ತಿರ ಬಂದರೆ, ಹಲಗೆ ಕುಸಿತಗಳು ಹೆಚ್ಚಾಗಿ ಹೊರಡುವ ಕೋನದ ಸಮೀಪದಲ್ಲೇ ಇದ್ದೇವೆ. ನಮ್ಮೂರ ಕೆರೆ ಏರಿಯ ಹಿಂಬದಿಯಲ್ಲಿ ಎರಡು ಬಿದಿರು ಕೋಲು ಹಿಡಿದು ನೋಡಿದಾಗ ಅಡ್ಡಕೋಲು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂತು. ಕಣ್ಣಿಗೆ ಕಡಿದಾಗಿ ಕಂಡ ಆ ಏರಿಯೂ 27 ಡಿಗ್ರಿ ಮುಟ್ಟಲಿಲ್ಲ ಎಂಬುದು, ಕಣ್ಣಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಿಳಿಸಿತು.

ಅಪಾಯದ ಮುನ್ಸೂಚನೆಯಲ್ಲಿ 5 ಹಂತಗಳಿವೆ. 5ಕ್ಕೆ 3 ಎಂದರೆ ನಡುವಿನದ್ದು, ಪರವಾಗಿಲ್ಲ ಎಂದು ಪರೀಕ್ಷೆಯ ಅಂಕದಂತೆ ಓದಿಕೊಂಡಿದ್ದೆ. ಹಂತಗಳು ಸಮನಾಗಿ ಏರುವುದಿಲ್ಲ, ಒಂದೊಂದಕ್ಕೂ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. 3ನೇ ಹಂತದಲ್ಲಿ ಮನುಷ್ಯನ ಭಾರಕ್ಕೇ ಹಿಮ ಕಳಚುವ ಸಂಭವವಿದ್ದು, ಜನ ಆಗಲೂ ಹೊರಡುತ್ತಾರಾದ್ದರಿಂದ ಸಾವುಗಳ ದೊಡ್ಡ ಪಾಲು ಅಲ್ಲೇ ಆಗುತ್ತದೆ. ನಮ್ಮ ಹಿಮಾಲಯ ಪ್ರದೇಶಗಳಿಗೆ ಈ ಎಚ್ಚರಿಕೆಯನ್ನು ನೀಡುವುದು ಡಿಆರ್‌ಡಿಒ ಅಧೀನದ, ಚಂಡೀಗಢದಲ್ಲಿರುವ ಡಿಜಿಆರ್‌ಇ ಎಂಬ ಸಂಶೋಧನಾ ಸಂಸ್ಥೆ.

ಹೊಸದಾಗಿ ಕುಸಿದ ಗುರುತು, ಕಾಲಡಿಯಿಂದ ಓಡುವ ಬಿರುಕು, ಒಮ್ಮೆಲೇ ಏರಿದ ಬಿಸಿಲು, ಗಾಳಿ ಹಿಮವನ್ನು ಹೊತ್ತು ತಂದು ಪೇರಿಸಿದ ಮರೆಯ ಬದಿ: ಅಪಾಯದ ಈ ಲಕ್ಷಣಗಳು ಬರಿಗಣ್ಣಿಗೇ ಕಾಣುತ್ತವೆ. ಹಿಮದ ಮೇಲೆ ಕಾಲಿಟ್ಟಾಗ ಕೇಳುವ ‘ಗುಮ್’ ಎಂಬ ಸದ್ದು ಮಾತ್ರ ಬೇರೆಯೇ ವಿಷಯ. ಅದು ಒಳಗಿನ ದುರ್ಬಲ ಪದರ ಕುಸಿದ ಸದ್ದು. ಆ ಕುಸಿತ ಪದರದುದ್ದಕ್ಕೂ ಹರಡುವುದರಿಂದ, 15 ಡಿಗ್ರಿಯ ಸಮತಟ್ಟಿನಂಥ ಜಾಗದಲ್ಲಿ ನಿಂತವರೂ ಮೇಲಿನ 38 ಡಿಗ್ರಿಯ ಇಳಿಜಾರನ್ನು ತಮ್ಮ ಮೇಲೆ ಎಳೆದುಕೊಳ್ಳಬಹುದು. ಅಲ್ಲಿಗೆ ಕೋಲು ಹಿಡಿದು ಅಳೆಯಲು ಹೋಗುವುದೇ ಅಪಾಯವಾದ್ದರಿಂದ, ಆ ಇಳಿಜಾರನ್ನು ದೂರದಲ್ಲಿ ಪಕ್ಕಕ್ಕೆ ನಿಂತು, ಕೋನ ತೋರಿಸುವ ಆ್ಯಪ್ ತೆರೆದ ಮೊಬೈಲಿನ ಅಂಚನ್ನು ಅದರ ರೇಖೆಗೆ ಹೊಂದಿಸಿ ಕೋನವನ್ನು ಓದಿಕೊಳ್ಳಬೇಕು.